ಕಲ್ಕುಡನ ಕೈ ಕಡಿದದ್ದು ಯಾವಾಗ ತಪ್ಪಾಯಿತು? ನೀತಿಗೆ ಮತದ ಆಧಾರ ಬೇಕೇ ಎಂಬ ಚರ್ಚೆ

(ಪ್ರತಿ ಬರಹದ ಮೇಲಿರುವುದು ಬರೆದವರು ಇಟ್ಟುಕೊಂಡ ಹೆಸರು.)

ಬಂದರು ಬೀದಿ

ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವಾಗಲೇ ಒಂದು ತೊಡಕು ಉಂಟು. ‘ಧರ್ಮ’ ಅಂದರೆ ನಮಗೆ ಹಿಂದೂ, ಜೈನ, ಕ್ರೈಸ್ತ, ಇಸ್ಲಾಂ ಎಂಬ ಮತವೂ ಹೌದು, ಮಾಡಬೇಕಾದದ್ದನ್ನು ಮಾಡುವ ನಡತೆಯೂ ಹೌದು. ಒಂದೇ ಪದ ಎರಡು ಕೆಲಸ ಮಾಡಿದರೆ ಚರ್ಚೆ ಹತ್ತು ಮಾತಿನೊಳಗೆ ಜಗಳ ಆಗುತ್ತದೆ. ಇಲ್ಲಿ ಮತ, ನೀತಿ ಅಂತ ಬೇರೆ ಬೇರೆ ಪದ ಇಟ್ಟುಕೊಳ್ಳುವ.

ಪ್ರಶ್ನೆಯೂ ಒಂದಲ್ಲ, ಮೂರು. ಸರಿ-ತಪ್ಪು ನಮಗೆ ಗೊತ್ತಾಗುವುದು ಹೇಗೆ? ಸರಿ ಎಂಬುದು ಸರಿಯಾಗುವುದು ಯಾವುದರಿಂದ? ಗೊತ್ತಿದ್ದ ಮೇಲೂ ಅದರಂತೆ ನಡೆಸುವುದು ಯಾವುದು? ಒಂದಕ್ಕೆ ಉತ್ತರ ಕೊಟ್ಟು ಮೂರನ್ನೂ ಗೆದ್ದೆ ಅಂದುಕೊಳ್ಳುವುದೇ ಹೆಚ್ಚು. ಪೊಲೀಸರಿಲ್ಲದಿದ್ದರೆ ಕಳ್ಳತನ ಜಾಸ್ತಿಯಾದೀತು, ಆದರೆ ಕಳ್ಳತನ ತಪ್ಪಾದದ್ದು ಪೊಲೀಸರಿಂದಲ್ಲ.

ಎರಡನೆಯದಕ್ಕೆ ನಮ್ಮ ಊರಿನ ಪಾಡ್ದನದಲ್ಲೇ, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡಿನಲ್ಲೇ, ಉತ್ತರ ಉಂಟು. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಪಾಡ್ದನದ ಪ್ರಕಾರ ಅದನ್ನು ಕಡೆದವನು ಬೀರ ಕಲ್ಕುಡ ಎಂಬ ಶಿಲ್ಪಿ. ಇಂಥ ಮೂರ್ತಿ ಇನ್ನೊಂದು ಕಡೆ ಆಗಬಾರದು ಅಂತ ಅರಸು ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಉಳಿದ ಕೈಕಾಲಿನಲ್ಲೇ ಕಲ್ಕುಡ ವೇಣೂರಿಗೆ ಹೋಗಿ ಇನ್ನೊಂದು ಗೊಮ್ಮಟನನ್ನು ಕಡೆಯುತ್ತಾನೆ. ಆಮೇಲೆ ಅವನೂ ತಂಗಿ ಕಲ್ಲುರ್ಟಿಯೂ ಮಾಯವಾಗಿ ದೈವಗಳಾಗುತ್ತಾರೆ, ಅರಸುವಿಗೆ ಉಪದ್ರ ಕೊಡುತ್ತಾರೆ. ವೇಣೂರಿನ ಮೂರ್ತಿ 1604ರದ್ದು, ನಡುವೆ 172 ವರ್ಷ ಉಂಟು. ಹಾಗಾಗಿ ಪಾಡ್ದನವನ್ನು ಇಸವಿಯ ಲೆಕ್ಕಕ್ಕೆ ಹಿಡಿಯುವುದು ಬೇಡ, ಅದು ನ್ಯಾಯವನ್ನು ಹೇಗೆ ಯೋಚಿಸುತ್ತದೆ ಅಂತ ನೋಡುವ.

ತಪ್ಪು ಮೊದಲು, ದೈವ ಆಮೇಲೆ. ಕಲ್ಕುಡ ದೈವವಾದ್ದರಿಂದ ಕೈ ಕಡಿದದ್ದು ತಪ್ಪಾಗಲಿಲ್ಲ, ಅದು ತಪ್ಪಾಗಿದ್ದರಿಂದಲೇ ಅವನು ದೈವವಾದ. ಕೇಳುವವರ ಹೊಟ್ಟೆ ಉರಿಯುವುದು ದೈವದ ನುಡಿ ಬರುವ ಮೊದಲೇ. ಕಡಿಸಿದವನೋ ಅಹಿಂಸೆಯ ಮೂರ್ತಿಯನ್ನೇ ನಿಲ್ಲಿಸಿದ ಅರಸು. ಪ್ಲೇಟೋವಿನ ‘ಯೂಥಿಫ್ರೋ’ ಸಂವಾದದಲ್ಲಿ ಸಾಕ್ರೆಟಿಸ್ ಕೇಳುವುದು ಇದನ್ನೇ: ದೇವತೆಗಳು ಮೆಚ್ಚುವುದರಿಂದ ಅದು ಒಳ್ಳೆಯದೋ, ಒಳ್ಳೆಯದಾದ್ದರಿಂದ ಅವರು ಮೆಚ್ಚುತ್ತಾರೋ? ಪಾಡ್ದನ ಎರಡನೆಯದನ್ನು ಹಿಡಿದಿದೆ ಅಂತ ನನ್ನ ವಾದ.

ತರ್ಕಪಾದ

ಬಂದರು ಬೀದಿಯವರೇ, ಪ್ಲೇಟೋವಿನ ಪ್ರಶ್ನೆ ತಾಗುವುದು ‘ದೇವರು ಅಪ್ಪಣೆ ಕೊಟ್ಟ, ಅದಕ್ಕೇ ಸರಿ’ ಅನ್ನುವವರಿಗೆ ಮಾತ್ರ. ವೇದದ ವಿಧಿಗಳನ್ನು ವಿಚಾರ ಮಾಡುವ ದರ್ಶನವಾದ ಮೀಮಾಂಸೆಗೆ ಅದು ತಾಗುವುದಿಲ್ಲ. ಜೈಮಿನಿಯ ಎರಡನೇ ಸೂತ್ರ: ‘ಚೋದನಾಲಕ್ಷಣೋಽರ್ಥೋ ಧರ್ಮಃ’, ಚೋದನೆಯಿಂದ ಗೊತ್ತಾಗುವ ಒಳಿತೇ ಧರ್ಮ. ಚೋದನೆ ಅಂದರೆ ವೇದದ ವಿಧಿವಾಕ್ಯ. ಅಲ್ಲಿ ವಿಧಿ ಉಂಟು, ವಿಧಿಸಿದವನು ಇಲ್ಲ, ಯಾಕೆಂದರೆ ವೇದ ಅಪೌರುಷೇಯ, ಯಾರೂ ರಚಿಸಿದ್ದಲ್ಲ. 7ನೇ ಶತಮಾನದ ಕುಮಾರಿಲ ಭಟ್ಟ ಸೃಷ್ಟಿಕರ್ತ ಈಶ್ವರನನ್ನು ಖಂಡಿಸುತ್ತಾನೆ, ಆದರೂ ವೇದ ಬಿಟ್ಟರೆ ಧರ್ಮ ಗೊತ್ತಾಗದು ಅನ್ನುತ್ತಾನೆ. ನೀವು ಹೇಳಿದ ಗೊಮ್ಮಟನ ಮತದಲ್ಲೂ ಜಗತ್ತನ್ನು ಮಾಡಿ ಆಳುವ ದೇವರಿಲ್ಲ, ಕರ್ಮ ತನ್ನಷ್ಟಕ್ಕೆ ಫಲ ಕೊಡುತ್ತದೆ. ಅಂದಮೇಲೆ ‘ನೀತಿಗೆ ದೇವರು ಬೇಕೇ’, ‘ನೀತಿಗೆ ಮತ ಬೇಕೇ’ ಇವೂ ಎರಡು ಪ್ರಶ್ನೆ.

ಉಡುಪಿಯ ವಾದ ಇನ್ನೂ ಬಿಗಿ. ಮಧ್ವಾಚಾರ್ಯರು ವಿಷ್ಣುತತ್ತ್ವವಿನಿರ್ಣಯದಲ್ಲಿ ಹೇಳುವುದನ್ನು ಹಂತಹಂತವಾಗಿ ಇಡುತ್ತೇನೆ. ಧರ್ಮ ಎಂಬುದೊಂದು ಉಂಟು ಅಂತ ಎಲ್ಲಾ ಸಿದ್ಧಾಂತದವರೂ ಒಪ್ಪುತ್ತಾರೆ. ಅದು ಕಣ್ಣಿಗೆ ಕಾಣುವ ವಸ್ತು ಅಲ್ಲ, ಆದ್ದರಿಂದ ಪ್ರತ್ಯಕ್ಷಕ್ಕೆ ಸಿಗದು. ಹೊಗೆ ನೋಡಿ ಬೆಂಕಿ ಊಹಿಸಬೇಕಾದರೆ ಎರಡನ್ನೂ ಒಟ್ಟಿಗೆ ಎಲ್ಲಾದರೂ ಕಂಡಿರಬೇಕು. ಧರ್ಮವನ್ನು ಕಂಡೇ ಇಲ್ಲ, ಹಾಗಾಗಿ ಅನುಮಾನಕ್ಕೂ, ಅಂದರೆ ತರ್ಕದ ಊಹೆಗೂ, ಸಿಗದು. ಮನುಷ್ಯ ಹೇಳಿದ ಮಾತನ್ನು ನಂಬುವ ಅಂದರೆ ಅವನಿಗೆ ಅಜ್ಞಾನ ಇರಬಹುದು, ಇಲ್ಲವೇ ವಿಪ್ರಲಂಭ, ಅಂದರೆ ಮೋಸ. ಉಳಿಯುವುದು ಯಾರೂ ರಚಿಸದ ವಾಕ್ಯ. ಅದನ್ನೂ ಬಿಟ್ಟರೆ ‘ಸರ್ವಸಮಯಾಭಿಮತಧರ್ಮಾದ್ಯಸಿದ್ಧೇಃ’, ಎಲ್ಲರೂ ಒಪ್ಪಿದ ಧರ್ಮವೇ ಸಿದ್ಧಿಸುವುದಿಲ್ಲ.

ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವುದು ಸುಲಭ. ಆದರೆ 1739-40ರಲ್ಲಿ ಡೇವಿಡ್ ಹ್ಯೂಮ್ ‘ಇದೆ’ ಎಂಬ ಮಾತಿನಿಂದ ‘ಆಗಬೇಕು’ ಎಂಬ ಮಾತಿಗೆ ಜನ ಸದ್ದಿಲ್ಲದೆ ಹೇಗೆ ಜಾರುತ್ತಾರೆ ಅಂತ ಕೇಳಿದ್ದಕ್ಕೂ ಇದಕ್ಕೂ ತುಂಬಾ ಹತ್ತಿರ. ವಿಚಾರವಾದಿಗಳು ಮೊದಲು ಈ ಕಂದಕ ದಾಟಿ ತೋರಿಸಬೇಕು.

‘ಪರರಿಗೆ ಉಪಕಾರವಾದರೆ ಪುಣ್ಯ, ಪೀಡೆಯಾದರೆ ಪಾಪ’ ಅಂತ ಸುಲಭದ ಉತ್ತರ ಕೊಡುವವರಿಗೆ ಕುಮಾರಿಲ ಶ್ಲೋಕವಾರ್ತಿಕದಲ್ಲೇ ಪಾಟೀಸವಾಲು ಹಾಕಿದ್ದಾನೆ. ಹಾಗಾದರೆ ಜಪದಿಂದ ಯಾರಿಗೂ ಉಪಕಾರವಿಲ್ಲ, ಸುರಾಪಾನದಿಂದ ಯಾರಿಗೂ ಪೀಡೆಯಿಲ್ಲ, ಎರಡೂ ಪುಣ್ಯವೂ ಅಲ್ಲ ಪಾಪವೂ ಅಲ್ಲ. ಗುರುಪತ್ನಿಯನ್ನು ಕೂಡಿದವನಿಗೆ ಎದೆ ಚೀರುತ್ತಿದ್ದರೂ ಪುಣ್ಯವೇ ಹೆಚ್ಚು ಬರಬೇಕು, ಅಲ್ಲಿ ಆದ ‘ಉಪಕಾರ’ ದೊಡ್ಡದಲ್ಲವೇ? ಲಾಭನಷ್ಟದ ನೀತಿಯನ್ನು ಬೆಂಥಮ್ 1789ರಲ್ಲಿ ಪ್ರಕಟಿಸುವುದಕ್ಕೆ ಸಾವಿರ ವರ್ಷ ಮೊದಲೇ ಅದರ ಮೇಲೆ ಬಿದ್ದ ಏಟು ಇದು.

ಗುರುಪುರ ಹೊಳೆ

ತರ್ಕಪಾದರೇ, ಇಷ್ಟು ಚೆನ್ನಾಗಿ ಇಟ್ಟದ್ದಕ್ಕೆ ವಂದನೆ. ಆದರೆ ಸರಪಳಿಯಲ್ಲಿ ಒಂದು ಕೊಂಡಿ ಸಡಿಲ ಉಂಟು.

ವಾಕ್ಯ ಅಪೌರುಷೇಯ ಇರಬಹುದು, ಅದನ್ನು ಓದುವವನು ಪುರುಷನೇ. ಅಜ್ಞಾನ, ವಿಪ್ರಲಂಭ ಎರಡೂ ವ್ಯಾಖ್ಯಾನದ ಬಾಗಿಲಿನಿಂದ ವಾಪಸು ಬರುತ್ತವೆ. ಅದೇ ವೇದವನ್ನು ಮೂವರು ಆಚಾರ್ಯರು ಮೂರು ರೀತಿ ಓದಿದ್ದಾರೆ. ಯಾರ ಓದು ಸರಿ ಅಂತ ತೀರ್ಮಾನಿಸಲು ಉಪಕ್ರಮ (ಆರಂಭ), ಉಪಸಂಹಾರ (ಮುಕ್ತಾಯ), ಅಭ್ಯಾಸ (ಮತ್ತೆ ಮತ್ತೆ ಹೇಳಿದ್ದು) ಮುಂತಾದ ತಾತ್ಪರ್ಯಲಿಂಗ, ಅಂದರೆ ಗ್ರಂಥದ ಆಶಯ ತೋರಿಸುವ ಗುರುತುಗಳನ್ನು ಬಳಸುತ್ತೇವೆ. ಅವು ತರ್ಕದ ಸಲಕರಣೆಗಳೇ ಅಲ್ವಾ? ಯಜ್ಞಕ್ಕೆ ಪಶುವಿನ ಬದಲು ಪಿಷ್ಟಪಶು, ಅಂದರೆ ಹಿಟ್ಟಿನಲ್ಲಿ ಮಾಡಿದ ಪಶು ಸಾಕು ಅಂತ ಮಾಧ್ವ ಪರಂಪರೆ ಹಿಡಿದದ್ದು ನಿಮಗೇ ಗೊತ್ತು. ಶಾಸ್ತ್ರಾಧಾರ ಕೊಟ್ಟೇ ಹಿಡಿದರು, ಒಪ್ಪುತ್ತೇನೆ. ಆದರೆ ಎರಡು ಓದು ಸಾಧ್ಯವಿದ್ದಾಗ ಪ್ರಾಣಿಯನ್ನು ಉಳಿಸುವ ಓದಿನ ಕಡೆ ತಕ್ಕಡಿ ವಾಲಿಸಿದ್ದು ಯಾವುದು?

ಅದಕ್ಕೂ ದ್ವೈತದಲ್ಲೇ, ಅಂದರೆ ಮಧ್ವರ ಸಿದ್ಧಾಂತದಲ್ಲೇ, ಉತ್ತರ ಉಂಟು. ಸುಖದುಃಖವನ್ನು ಸಾಕ್ಷಿ, ಅಂದರೆ ಒಳಗಿನಿಂದ ಅರಿಯುವ ಆತ್ಮ, ನೇರವಾಗಿ ಗ್ರಹಿಸುತ್ತದೆ, ಅಲ್ಲಿ ಭ್ರಮೆಗೆ ಎಡೆ ಇಲ್ಲ ಅಂತ ನೀವೇ ಹೇಳುತ್ತೀರಿ. ನೋವು ನೋವೇ ಅಂತ ಯಾವ ಗ್ರಂಥವೂ ಇಲ್ಲದೆ ಗೊತ್ತು. ಅಷ್ಟರಿಂದಲೇ ‘ಆಗಬೇಕು’ ಹುಟ್ಟುವುದಿಲ್ಲ, ಹ್ಯೂಮ್ ಸರಿ. ಇನ್ನೊಂದು ಮೆಟ್ಟಿಲು ಬೇಕು. ಆ ಮೆಟ್ಟಿಲು ಮಹಾಭಾರತದ ಅನುಶಾಸನಪರ್ವದಲ್ಲಿದೆ: ತನಗೆ ಪ್ರತಿಕೂಲವಾದದ್ದನ್ನು ಪರರಿಗೆ ಮಾಡಬಾರದು. ನನ್ನ ನೋವಿಗೆ ಲೆಕ್ಕ ಉಂಟು, ನಿನ್ನ ನೋವಿಗೆ ಇಲ್ಲ ಅನ್ನಬೇಕಾದರೆ ನಮ್ಮಿಬ್ಬರಲ್ಲಿ ಒಂದು ವ್ಯತ್ಯಾಸ ತೋರಿಸಬೇಕು. ‘ನಾನು ನಾನು’ ಎಂಬುದು ವ್ಯತ್ಯಾಸವೇ ಅಲ್ಲ, ಅದನ್ನು ನೀನೂ ಹೇಳಬಹುದು. ಕಂದಕಕ್ಕೆ ನಾನು ಹಾಕುವ ಸಂಕ ಇದು. ಪೂರ್ತಿ ಗಟ್ಟಿ ಅನ್ನುವುದಿಲ್ಲ, ಆದರೆ ನಡೆಯಲು ಬರುತ್ತದೆ.

ಕುಮಾರಿಲನ ಏಟು ಬಿದ್ದದ್ದು ಇಬ್ಬರ ಸುಖವನ್ನು ಮಾತ್ರ ಕೂಡಿಸುವ ಲೆಕ್ಕದ ಮೇಲೆ. ಮನೆಯೊಳಗೆ ಬಿಟ್ಟುಕೊಂಡ ಗುರುವಿನ ವಿಶ್ವಾಸ ಆ ಲೆಕ್ಕದಲ್ಲಿ ಎಲ್ಲಿ ಹೋಯಿತು?

ಮಲ್ಪೆ ದಕ್ಕೆ

ಎಲ್ಲರೂ ಮೇಲಿನ ನೀರಿನಲ್ಲೇ ಇದ್ದೀರಿ, ಸ್ವಲ್ಪ ತಳಕ್ಕೆ ಇಳಿಯುವ. ಕಡಲಲ್ಲಿ ಯಾರೂ ನೋಡದಾಗ ನೀತಿ ಯಾವುದರ ಮೇಲೆ ನಿಲ್ಲುತ್ತದೆ?

ಬೋಟು ಎಳೆದುಕೊಂಡು ಹೋಗುವ ಟ್ರಾಲ್ ಬಲೆಯ ಕೊನೆಯಲ್ಲಿ ಮೀನು ಸೇರುವ ಚೀಲ ಉಂಟು. ಅದರ ಕಣ್ಣು 35 ಮಿಲಿಮೀಟರಿನ ಚೌಕ ಇರಲಿ ಅಂತ ಮೀನುಗಾರಿಕಾ ವಿಜ್ಞಾನಿಗಳು ಹೇಳುವುದು. ಚೌಕವೇ ಯಾಕೆ? ವಜ್ರಾಕಾರದ ಕಣ್ಣು ಎಳೆತ ಬಿದ್ದಾಗ ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ, ಮರಿಮೀನು ಒಳಗೇ ಉಳಿಯುತ್ತದೆ. ಚೌಕದ ಕಣ್ಣು ಎಳೆತದಲ್ಲೂ ತೆರೆದೇ ಇರುತ್ತದೆ. ತಪ್ಪು ನಡೆಯುವುದು ಹೀಗೆ: ಹೊರಗೆ ನಿಯಮದ ಚೀಲ, ಒಳಗೆ ಸಣ್ಣ ಕಣ್ಣಿನ ಇನ್ನೊಂದು ಬಲೆ. ದಕ್ಕೆಯಲ್ಲಿ, ಅಂದರೆ ಬೋಟು ಬಂದು ನಿಲ್ಲುವ ಕಟ್ಟೆಯಲ್ಲಿ, ನೋಡುವವನಿಗೆ ಎಲ್ಲವೂ ಸರಿ. ಬಂದ ಮರಿಬಂಗುಡೆ, ಮರಿಬೂತಾಯಿ ಫಿಶ್‌ಮೀಲಿಗೆ, ಅಂದರೆ ಮೀನಿನ ಹುಡಿ ಮಾಡಲು, ಹೋಗುತ್ತದೆ. ಪಕ್ಕದ ಕೇರಳದಲ್ಲಿ ಹಿಡಿಯಬಹುದಾದ ಕನಿಷ್ಠ ಉದ್ದ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಅದಕ್ಕಿಂತ ಸಣ್ಣದನ್ನು ಹಿಡಿದರೆ ಅದು ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ.

1785ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಕೊಟ್ಟ ಪರೀಕ್ಷೆಯನ್ನು ಇದಕ್ಕೆ ಹಚ್ಚಿ ನೋಡಿ. ಮೊದಲು ನಿಮ್ಮ ಸೂತ್ರವನ್ನು ಪ್ರಾಮಾಣಿಕವಾಗಿ ಬರೆಯಿರಿ: ‘ಲಾಭ ಬರುವುದಾದರೆ, ಯಾರೂ ನೋಡದಾಗ, ಒಳಬಲೆ ಹಾಕುತ್ತೇನೆ.’ ಆಮೇಲೆ ಕಡಲಿಗಿಳಿದ ಪ್ರತಿಯೊಬ್ಬನೂ ಅದೇ ಸೂತ್ರದಂತೆ ನಡೆಯುತ್ತಾನೆ ಅಂತ ಇಟ್ಟುಕೊಳ್ಳಿ. ಅಂಥ ಲೋಕ ಇರಲು ಸಾಧ್ಯವೇ? ಸಾಧ್ಯ, ಆದರೆ ಮೀನಿಲ್ಲದ ಲೋಕ. ಮೀನು ಹಿಡಿದು ಬದುಕಬೇಕೆನ್ನುವವನು ಅದನ್ನು ಬಯಸಲಾರ, ಇಲ್ಲಿ ವಿರೋಧ ಬರುವುದು ಇಚ್ಛೆಯಲ್ಲಿ. ಅದೇ ‘ಒಳಬಲೆ ಹಾಕುವುದಿಲ್ಲ’ ಅಂತ ಬರೆದುಕೊಟ್ಟು ಹಾಕಿದರೆ ವಿರೋಧ ಇನ್ನೂ ಆಳದ್ದು. ಎಲ್ಲರೂ ಹಾಗೆ ಮಾಡಿದರೆ ‘ಬರೆದುಕೊಡುವುದು’ ಎಂಬುದಕ್ಕೇ ಅರ್ಥ ಉಳಿಯುವುದಿಲ್ಲ, ಅಂಥ ಲೋಕವನ್ನು ಕಲ್ಪಿಸಲೂ ಆಗದು.

ಈ ಪರೀಕ್ಷೆ ಕೆಡುವುದು ಸೂತ್ರ ಬರೆಯುವ ಜಾಗದಲ್ಲಿ. ‘ಈ ಬೋಟಿನಲ್ಲಿ, ಈ ಮಂಗಳವಾರ, 12 ಮಾರು ಆಳದಲ್ಲಿ’ ಅಂತ ಸಪೂರ ಮಾಡಿದರೆ ಯಾವ ಕಳ್ಳಕೆಲಸವೂ ಪಾಸಾಗುತ್ತದೆ, ಯಾಕೆಂದರೆ ಆ ಸೂತ್ರಕ್ಕೆ ಹೊಂದುವವನು ಲೋಕದಲ್ಲಿ ಒಬ್ಬನೇ. ‘ಎಲ್ಲರೂ ಕಡಲಿಗೆ ಹೋದರೆ ದೋಣಿ ಕಟ್ಟುವವರು ಯಾರು’ ಅಂತ ತೀರಾ ಅಗಲ ಮಾಡಿದರೆ ನ್ಯಾಯದ ಕೆಲಸವೂ ಫೇಲಾಗುತ್ತದೆ. ನೀವು ಯಾವ ಕಾರಣಕ್ಕೆ ಮಾಡುತ್ತೀರೋ ಆ ಕಾರಣ ಮಾತ್ರ ಸೂತ್ರದಲ್ಲಿರಬೇಕು, ಅದಕ್ಕಿಂತ ಒಂದು ಪದ ಹೆಚ್ಚಲ್ಲ ಕಡಿಮೆಯಲ್ಲ.

ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ ಇರುವುದರ ಹಿಂದೆಯೂ ಇದೇ ಯೋಚನೆ. ಆ ರಜೆ ಮುಗಿಯುವಾಗ ಮೊಗವೀರರು ಸಮುದ್ರಪೂಜೆ ಮಾಡಿ ಹಾಲೆರೆಯುವುದೂ ಉಂಟು. ಒಂದು ಇನ್ನೊಂದಕ್ಕೆ ಅಡ್ಡ ಬಂದದ್ದಿಲ್ಲ.

ತರ್ಕಪಾದ

ದಕ್ಕೆಯಣ್ಣ, ಬಲೆಯ ಲೆಕ್ಕ ಒಪ್ಪಿದೆ. ಆದರೆ ‘ಎಲ್ಲರೂ ಮಾಡಿದರೆ’ ಅಂದಾಗ ಒಳಬಲೆ ಹಾಕುವವನು ಕೇಳುತ್ತಾನೆ: ಎಲ್ಲರೂ ಮಾಡುತ್ತಿಲ್ಲವಲ್ಲ, ನಾನೊಬ್ಬನೇ ತಾನೇ?

ಚೀಟಿಯನ್ನೇ ತೆಗೆದುಕೊಳ್ಳಿ. 20 ಜನ, ತಿಂಗಳಿಗೆ 5,000, ಒಟ್ಟು ಒಂದು ಲಕ್ಷದ ಚೀಟಿ. ಮೊದಲ ತಿಂಗಳೇ ಎತ್ತಿದವನು ಕಟ್ಟಿದ್ದು 5,000, ಬಾಕಿ 95,000. ಅವನು ಮುಂದೆ ಕಟ್ಟುವುದು ಯಾಕೆ? ಮತ್ತೆ ಚೀಟಿಗೆ ಸೇರಿಸಿಕೊಳ್ಳಬೇಕು, ಊರಿನಲ್ಲಿ ಮುಖ ಉಳಿಯಬೇಕು. ಆಟ ಮುಂದುವರಿಯುವಷ್ಟು ದಿನ ಸ್ವಾರ್ಥದ ಲೆಕ್ಕವೇ ಅವನನ್ನು ಪ್ರಾಮಾಣಿಕ ಮಾಡುತ್ತದೆ. ನಾಳೆ ಊರು ಬಿಟ್ಟು ಹೋಗುವವನಿಗೆ? ಕೊನೆಯ ಸುತ್ತು ಅಂತ ಗೊತ್ತಿರುವ ಆಟದಲ್ಲಿ ಲಾಭದ ಲೆಕ್ಕ ಮೋಸವನ್ನೇ ಹೇಳುತ್ತದೆ. ಕಾಂಟನ ಲೆಕ್ಕ ಹಾಗೆ ಹೇಳುವುದಿಲ್ಲ, ಸರಿ. ಆದರೆ ಒಳ್ಳೆಯತನಕ್ಕೆ ತಕ್ಕ ಸುಖ ಈ ಲೋಕದಲ್ಲಿ ಸಿಗುವುದಿಲ್ಲ ಅಂತ ಕಂಡು ಅವನೇ 1788ರ ಗ್ರಂಥದಲ್ಲಿ ದೇವರನ್ನೂ ಆತ್ಮದ ಅಮರತ್ವವನ್ನೂ ಗೃಹೀತವಾಗಿ ತಂದ. ಬೇರೆಯವರು ಇದನ್ನು ಮರೆತು ಮಾತಾಡುತ್ತಾರೆ.

ಬಂದರು ಬೀದಿ

ತಂದದ್ದು ಹೌದು. ಕರ್ತವ್ಯಕ್ಕೆ ಆಧಾರವಾಗಿ ಅಲ್ಲ, ಕರ್ತವ್ಯ ಮಾಡಿದವನು ಆಸೆ ಇಟ್ಟುಕೊಳ್ಳಲು. ಮೂರು ಪ್ರಶ್ನೆ ಬೇರೆ ಮಾಡಲು ಹೇಳಿದ್ದು ಇದಕ್ಕೇ.

ಕಾಪು ದೀಪಸ್ತಂಭ

ಮೂರನೇ ಪ್ರಶ್ನೆಗೆ, ಅಂದರೆ ಮತ ಜನರನ್ನು ಒಳ್ಳೆಯದಾಗಿ ನಡೆಸುತ್ತದೆಯೇ ಎಂಬುದಕ್ಕೆ, ಪ್ರಯೋಗಗಳು ಉಂಟು. ಎರಡೂ ಕಡೆಯವರು ಅವಸರ ಮಾಡುವುದು ಇಲ್ಲೇ.

2015ರಲ್ಲಿ ಆರು ದೇಶಗಳ ಮಕ್ಕಳ ಮೇಲಿನ ಒಂದು ಅಧ್ಯಯನ ಬಂತು: ಮತನಿಷ್ಠ ಮನೆಯ ಮಕ್ಕಳು ಹಂಚಿಕೊಳ್ಳುವುದು ಕಡಿಮೆ ಅಂತ. ಲೋಕವೆಲ್ಲ ಸುದ್ದಿಯಾಯಿತು. ದೇಶಗಳಿಗೆ ಗುರುತಿಗಾಗಿ ಕೊಟ್ಟ 1, 2, 3 ಎಂಬ ಅಂಕಿಗಳನ್ನು ಲೆಕ್ಕದಲ್ಲಿ ಅಳತೆಯ ಅಂಕಿಗಳಂತೆ ಬಳಸಿಬಿಟ್ಟಿದ್ದರು, ಬಸ್ ನಂಬರ್ 45 ಎಂಬುದು 15ರ ಮೂರು ಪಟ್ಟು ದೂರ ಹೋಗುತ್ತದೆ ಅಂದ ಹಾಗೆ. ಸರಿಪಡಿಸಿದಾಗ ಮುಖ್ಯ ತೀರ್ಮಾನ ನಿಲ್ಲಲಿಲ್ಲ, 2019ರಲ್ಲಿ ಲೇಖಕರೇ ಪ್ರಬಂಧವನ್ನು ಹಿಂದಕ್ಕೆ ಪಡೆದರು. ಅದನ್ನು ಇಂದಿಗೂ ಹಂಚುವವರು ಉಂಟು, ದಯವಿಟ್ಟು ನಿಲ್ಲಿಸಿ.

ಇನ್ನೊಂದು 2016ರದ್ದು, ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು, ಎಂಟು ಸಮುದಾಯಗಳ 591 ಜನರ ಮೇಲೆ. ಕ್ರಮ ಹೀಗೆ: ಒಬ್ಬನೇ ಕೂತ ಆಟಗಾರನ ಮುಂದೆ ಎರಡು ಲೋಟ, 30 ನಾಣ್ಯ, ಎರಡು ಬಣ್ಣ ಬಳಿದ ಒಂದು ದಾಳ. ಮೊದಲು ಮನಸ್ಸಿನಲ್ಲೇ ಒಂದು ಲೋಟ ಆರಿಸಬೇಕು. ದಾಳ ಒಂದು ಬಣ್ಣ ತೋರಿಸಿದರೆ ನಾಣ್ಯ ಆರಿಸಿದ ಲೋಟಕ್ಕೆ, ಇನ್ನೊಂದು ತೋರಿಸಿದರೆ ಎದುರಿನದಕ್ಕೆ. ಮನಸ್ಸಿನಲ್ಲಿ ಆರಿಸಿದ್ದು ಯಾವುದು ಅಂತ ಯಾರಿಗೂ ಗೊತ್ತಿಲ್ಲದ್ದರಿಂದ ಮೋಸ ಹಿಡಿಯಲು ಸಾಧ್ಯವೇ ಇಲ್ಲ. ಆದರೆ ಎಲ್ಲರೂ ನಿಯಮದಂತೆ ಆಡಿದರೆ ಸರಾಸರಿ ಪ್ರತಿ ಲೋಟಕ್ಕೆ 15 ಬೀಳಬೇಕು. ಒಂದು ಲೋಟ ತನಗೋ ತನ್ನ ಊರಿನವರಿಗೋ, ಇನ್ನೊಂದು ದೂರದೂರಿನ ತನ್ನದೇ ಮತದವನಿಗೆ. ದೇವರು ಎಲ್ಲ ಬಲ್ಲವನು, ದಂಡಿಸುವವನು ಅಂತ ನಂಬಿದವರು ದೂರದವನ ಲೋಟಕ್ಕೆ 15ರ ಹತ್ತಿರ ಹಾಕಿದರು.

ಮತಕ್ಕೆ ಇಲ್ಲಿ ನ್ಯಾಯವಾಗಿ ಒಂದು ಅಂಕ ಸಿಗಬೇಕು. ಆದರೆ ಆ ದೂರದವನೂ ಅದೇ ಮತದವನು ಎಂಬುದನ್ನು ಬಿಟ್ಟು ಓದಬೇಡಿ. ಬೇರೆ ಮತದವನ ಲೋಟ ಅಲ್ಲಿ ಇರಲೇ ಇಲ್ಲ.

ಹಂಪನಕಟ್ಟೆ

ಚರ್ಚೆ ವೇದದ ಸುತ್ತಲೇ ಆಯಿತು. ಕ್ರೈಸ್ತರಲ್ಲಿ 13ನೇ ಶತಮಾನದ ಥಾಮಸ್ ಅಕ್ವಿನಾಸ್, ಒಳ್ಳೆಯದನ್ನು ಮಾಡಬೇಕು ಕೆಟ್ಟದ್ದನ್ನು ಬಿಡಬೇಕು ಎಂಬ ಮೂಲತತ್ತ್ವ ಬೈಬಲ್ ಓದದವನ ಬುದ್ಧಿಗೂ ಸಿಗುತ್ತದೆ ಅಂದ. ಶಾಸ್ತ್ರ ಇಲ್ಲದವರ ಎದೆಯಲ್ಲೇ ಶಾಸನ ಬರೆದಿದೆ ಅಂತ ಪೌಲನ ರೋಮನರಿಗೆ ಪತ್ರದ ಎರಡನೇ ಅಧ್ಯಾಯದಲ್ಲೇ ಉಂಟು. ಇಸ್ಲಾಮಿನಲ್ಲಿ ಮುಅ್ತಝಿಲ ಪಂಥದವರು ಒಳಿತುಕೆಡುಕು ಬುದ್ಧಿಗೆ ಸ್ವತಃ ಗೊತ್ತಾಗುತ್ತದೆ ಅಂದರು, ಅಶ್‌ಅರಿ ಪಂಥದವರು ಅಲ್ಲಾಹನ ಆದೇಶದಿಂದಲೇ ಅಂದರು. ‘ಮತಸ್ಥರ ಉತ್ತರ’ ಅಂತ ಒಂದೇ ಉತ್ತರ ಎಲ್ಲಿಯೂ ಇಲ್ಲ.

ಗುರುಪುರ ಹೊಳೆ

ಈಗ ಹೇಳಲು ಕಷ್ಟವಾದರೂ ಹೇಳಲೇಬೇಕಾದ ಒಂದು ವಿಷಯ. ಅಜಲು. ಕೂದಲು, ಉಗುರು ಸೇರಿಸಿದ ಅನ್ನವನ್ನು ಕೊರಗ ಬುಡಕಟ್ಟಿನವರಿಗೆ ತಿನ್ನಿಸಿದರೆ ಮನೆಯವರ ರೋಗ, ಅನಿಷ್ಟ ಅವರಿಗೆ ದಾಟುತ್ತದೆ ಎಂಬ ನಂಬಿಕೆ. ಅದನ್ನು ಕಟ್ಟುಕಟ್ಟಳೆ ಅಂತಲೇ ಕರೆಯುತ್ತಿದ್ದರು. ಕರ್ನಾಟಕ ಅದನ್ನು ನಿಷೇಧಿಸಿ ಕಾಯಿದೆ ಮಾಡಿದ್ದು 2000ದಲ್ಲಿ, ಅಸ್ಪೃಶ್ಯತೆಯನ್ನು ಸಂವಿಧಾನ ರದ್ದು ಮಾಡಿ ಐವತ್ತು ವರ್ಷ ಕಳೆದ ಮೇಲೆ.

ಇದೇ ನೆಲದಲ್ಲಿ ಕೊರಗ ತನಿಯನನ್ನು ಕೊರಗಜ್ಜ ಅಂತ ಎಲ್ಲಾ ಜಾತಿಯವರೂ ಕೈಮುಗಿಯುತ್ತಾರೆ. ಕಳೆದುಹೋದ ವಸ್ತು ಸಿಗಲಿ ಅಂತ ಚಕ್ಕುಲಿ, ಕಳ್ಳು, ವೀಳ್ಯ ಹರಕೆ ಹೇಳುತ್ತಾರೆ. ದೈವವಾದ ಕೊರಗನಿಗೆ ಹರಕೆ, ಜೀವಂತ ಕೊರಗನಿಗೆ ಉಗುರಿನ ಅನ್ನ. ಭಕ್ತಿ ತಾನಾಗಿಯೇ ನೀತಿ ಆಗುವುದಾದರೆ ಇದು ಎಂದೋ ನಿಲ್ಲಬೇಕಿತ್ತು. ಬಂದರು ಬೀದಿಯವರ ವಾದಕ್ಕೆ ನಾನು ಸೇರಿಸುವುದು ಇಷ್ಟು: ತಪ್ಪು ಮೊದಲು, ದೈವ ಆಮೇಲೆ ಅಂತ ಪಾಡ್ದನ ಕಲಿಸಿದರೂ ಕೇಳಿದವರು ದೈವವನ್ನು ಮಾತ್ರ ಇಟ್ಟುಕೊಂಡರು.

ತರ್ಕಪಾದ

ಇದಕ್ಕೆ ನನ್ನಲ್ಲಿ ಎದುರುತ್ತರ ಇಲ್ಲ, ಹುಡುಕುವುದೂ ಇಲ್ಲ. ಆದರೆ ಈ ಊರಿನಲ್ಲಿ ಅಂಥದ್ದನ್ನು ಎದುರಿಸಿದವರು ಯಾರು ಅಂತಲೂ ನೋಡಿ. 1897ರಲ್ಲಿ ಮಂಗಳೂರಿನಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು ಬ್ರಹ್ಮಸಮಾಜದವರು, ದೇವರ ಭಕ್ತರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು ಸನ್ಯಾಸಿ. ಬಿಲ್ಲವರಿಗೆ ದೇವಸ್ಥಾನದ ಬಾಗಿಲು ಮುಚ್ಚಿದ್ದಕ್ಕೆ ಅವರು ಕೊಟ್ಟ ಉತ್ತರ ಇನ್ನೊಂದು ದೇವಸ್ಥಾನ.

ಗುರುಪುರ ಹೊಳೆ

ಅದೇ ಗುರುಗಳು ‘ಮತ ಯಾವುದಾದರೂ ಮನುಷ್ಯ ಒಳ್ಳೆಯವನಾದರೆ ಸಾಕು’ ಅಂದದ್ದು. ಒಳ್ಳೆಯದು ಯಾವುದು ಅಂತ ಮತದ ಹೊರಗಿನಿಂದಲೂ ಗೊತ್ತಾಗುತ್ತದೆ ಅಂತ ಒಪ್ಪದೆ ಆ ವಾಕ್ಯ ಹೇಳಲು ಬರುವುದಿಲ್ಲ.

ಹಂಪನಕಟ್ಟೆ

ವಿಚಾರ ದಾರಿ ತಪ್ಪಿದ್ದೂ ಉಂಟು, ಅದನ್ನು ಮುಚ್ಚಿಡಬಾರದು. ಕೊಲೆಗಾರ ಬಾಗಿಲಿಗೆ ಬಂದು ‘ನಿನ್ನ ಸ್ನೇಹಿತ ಒಳಗಿದ್ದಾನಾ’ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂತ ಕಾಂಟ್ 1797ರಲ್ಲಿ ಬರೆದ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕಥೆ ಅದೇ ಸನ್ನಿವೇಶ. ಸತ್ಯವ್ರತದ ಕೌಶಿಕ, ಜನ ಅಡಗಿದ ಜಾಗವನ್ನು ದರೋಡೆಕೋರರಿಗೆ ತೋರಿಸುತ್ತಾನೆ, ಅವರು ಸಾಯುತ್ತಾರೆ, ಕೌಶಿಕ ನರಕಕ್ಕೆ ಹೋಗುತ್ತಾನೆ. ಇಲ್ಲಿ ವಿವೇಕ ಹೆಚ್ಚು ಕಾಣುವುದು ಮಹಾಭಾರತದಲ್ಲಿ. ಆದರೆ ಕೃಷ್ಣ ‘ನಾನು ಹೇಳುತ್ತೇನೆ, ನಂಬು’ ಅಂತ ನಿಲ್ಲಿಸುವುದಿಲ್ಲ, ಕಾರಣ ಕೊಡುತ್ತಾನೆ: ಪ್ರಜೆಗಳನ್ನು ಧರಿಸುವುದೇ ಧರ್ಮ.

ಮಲ್ಪೆ ದಕ್ಕೆ

ತರ್ಕಪಾದರ ಕೊನೆಯ ಸುತ್ತಿನ ಪ್ರಶ್ನೆ ಹಾಗೇ ಉಳಿದಿದೆ. ನಮ್ಮಲ್ಲಿ ಅದಕ್ಕಿದ್ದ ಉಪಾಯ ಆಣೆ. ಸಾಲ, ಜಾಗದ ತಕರಾರು ಬಗೆಹರಿಯದಿದ್ದರೆ ಧರ್ಮಸ್ಥಳಕ್ಕೋ ಕಾನತ್ತೂರಿನ ದೈವಸ್ಥಾನಕ್ಕೋ ಹೋಗುತ್ತಾರೆ, ಎದುರಾಳಿ ಪ್ರಮಾಣ ಮಾಡಲು ಹಿಂದೆ ಸರಿದರೆ ಅಲ್ಲಿಗೆ ವ್ಯಾಜ್ಯ ಮುಗಿಯಿತು. ಸಾಕ್ಷಿ ಇಲ್ಲ, ಪತ್ರ ಇಲ್ಲ, ಕೋರ್ಟಿನ ಖರ್ಚಿಲ್ಲ. ಊರು ಬಿಟ್ಟು ಹೋಗುವವನ ಹಿಂದೆಯೂ ಆಣೆ ಹೋಗುತ್ತದೆ. ಇದು ಸಣ್ಣ ಸಾಧನೆ ಅಲ್ಲ.

ಆದರೆ ಅದು ನಡೆಯಲು ಇಬ್ಬರಿಗೂ ಒಂದೇ ದೈವದ ಭಯ ಇರಬೇಕು. ದೀಪಸ್ತಂಭದವರು ಹೇಳಿದ ಎರಡನೇ ಲೋಟದ ಹಾಗೆ. ಹೊರರಾಜ್ಯದ ಬೋಟು ಇದೇ ಕಡಲಿಗೆ ಬರುತ್ತದೆ, ನಮ್ಮ ಬೋಟು ಗೋವಾ, ಮಹಾರಾಷ್ಟ್ರದ ತನಕ ಹೋಗುತ್ತದೆ. ಬೆಳಕು ಹಾಕಿ ಮೀನು ಹಿಡಿಯುವುದನ್ನೂ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ 2017ರಲ್ಲೇ ಕೇಂದ್ರ ನಿಷೇಧಿಸಿದೆ. ಆ ಮಾತು ನಡುಕಡಲಲ್ಲಿ ಎತ್ತಿದರೆ ಅವರಿಗೆ ನಮ್ಮ ದೈವದ ಆಣೆ ತಾಗದು, ಅವರ ದೇವರ ಆಣೆ ನಮಗೆ ತಾಗದು. ಇಬ್ಬರ ಮುಂದೆಯೂ ಇಡಬಹುದಾದದ್ದು ಚೀಲದ ಕಣ್ಣಿನ ಅಳತೆ ಮತ್ತು 14 ಸೆಂಟಿಮೀಟರ್ ಆಗದ ಬಂಗುಡೆ.

ತರ್ಕಪಾದ

ಅಳತೆ ಒಪ್ಪಿದವನು ರಾತ್ರಿ ಒಳಬಲೆ ಕಟ್ಟಿದರೆ?

ಮಲ್ಪೆ ದಕ್ಕೆ

ದಕ್ಕೆಗೆ ಬಂದಾಗ ಚೀಲವನ್ನು ಹೊರಗಿನಿಂದ ನೋಡಿ ಬಿಡಬಾರದು, ಒಳಗೆ ಕೈ ಹಾಕಿ ನೋಡಬೇಕು. ಕೈ ಹಾಕುವವನು ಯಾರ ಕಡೆಯವನೂ ಆಗಿರಬಾರದು. ಅಷ್ಟಾದರೂ ಒಳಬಲೆಯನ್ನು ಕಡಲಲ್ಲೇ ಬಿಚ್ಚಿ ಬರುವವನು ಇರುತ್ತಾನೆ, ಅವನ ವಿಷಯದಲ್ಲಿ ನಿಮ್ಮ ಪ್ರಶ್ನೆ ಹಾಗೇ ಉಳಿಯುತ್ತದೆ. ಆದರೆ ಅವನು ಮಾಡುವುದು ತಪ್ಪು ಅಂತ ಅವನಿಗೂ ಗೊತ್ತು, ಇಲ್ಲದಿದ್ದರೆ ಬಿಚ್ಚುತ್ತಿರಲಿಲ್ಲ.